ತಂದೆಯವರ ಹೆಸರಿನಲ್ಲಿ ಅನಾಥ ಮಕ್ಕಳ ಓದಿಗೆ ನೆರವು: ದತ್ತಿಯೋ, ಆಶ್ರಮವೋ, ಒಂದು ಮಗುವೋ?

ಪ್ರಶ್ನೆ: ಬ್ಯಾಡಗಿಯ ಓದುಗ

ಹಾವೇರಿ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ದುಡಿದು ಮುಖ್ಯೋಪಾಧ್ಯಾಯರಾಗಿ ನಿವೃತ್ತರಾಗಿದ್ದ ನಮ್ಮ ತಂದೆಯವರು ಕಳೆದ ವರ್ಷ ತೀರಿಕೊಂಡರು. ಚಿಕ್ಕಂದಿನಲ್ಲೇ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡು ಸೋದರಮಾವನ ಮನೆಯಲ್ಲಿ ಬೆಳೆದ ಅವರು, ಮುಂದೆ ಧಾರವಾಡದಲ್ಲಿ ಮಠದ ಪ್ರಸಾದ ನಿಲಯದಲ್ಲಿ ಉಂಡು ಕಾಲೇಜು ಮುಗಿಸಿದವರು. ವರ್ಷಾಂತಿಕಕ್ಕೆ ಊರೂಟ ಹಾಕಿಸುವ ಬದಲು ಅನಾಥ ಮಕ್ಕಳ ಓದಿಗೆ ಏನಾದರೂ ಮಾಡೋಣವೆಂದು ನಾವು ಮೂವರು ಮಕ್ಕಳು ಸೇರಿ ಆರು ಲಕ್ಷ ರೂಪಾಯಿ ಎತ್ತಿಟ್ಟಿದ್ದೇವೆ. ಹಣ ಕೂಡಿಸುವುದು ಸುಲಭವಾಯಿತು, ಅದನ್ನು ಎಲ್ಲಿ ಕೊಡಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ.

ಅಪ್ಪ ಕೊನೆಗೆ ಕೆಲಸ ಮಾಡಿದ ಶಾಲೆಯಲ್ಲಿ ಅವರ ಹೆಸರಿನ ದತ್ತಿನಿಧಿ ಇಟ್ಟು, ಪ್ರತಿ ವರ್ಷ ಅದರ ಬಡ್ಡಿಯನ್ನು ತಂದೆತಾಯಿ ಇಲ್ಲದ ವಿದ್ಯಾರ್ಥಿಗಳಿಗೆ ಹಂಚುವ ವ್ಯವಸ್ಥೆಯಾಗಬೇಕೆಂದು ಅಣ್ಣ ಹೇಳುತ್ತಾನೆ. ಹೊರದೇಶದಲ್ಲಿ ಕೆಲಸದಲ್ಲಿರುವ ತಂಗಿಗೆ ಒಂದೇ ಮಗುವನ್ನು ಆಯ್ದು ಪದವಿಯವರೆಗೆ ಓದಿಸಬೇಕೆಂಬ ಆಸೆ. ನನ್ನ ಮನಸ್ಸು ಹುಬ್ಬಳ್ಳಿ ಕಡೆಯ ಯಾವುದಾದರೂ ಅನಾಥಾಲಯದತ್ತ ಇತ್ತು. ಹಾಗೆಂದು ಒಂದು ಕಡೆ ಹೋಗಿ ವಿಚಾರಿಸಿದೆ. ಒಂದು ಹೊತ್ತಿನ ಊಟಕ್ಕೆ ಇಷ್ಟು, ಸಿಹಿಯೂಟಕ್ಕೆ ಇಷ್ಟು, ಹುಟ್ಟುಹಬ್ಬ ಆಚರಿಸಿದರೆ ಇಷ್ಟು ಎಂಬ ದರಪಟ್ಟಿಯನ್ನು ಅವರು ತಕ್ಷಣ ಕೈಗಿತ್ತರು. ಆದರೆ ಇಲ್ಲಿಂದ ಹೋದ ಮಕ್ಕಳಲ್ಲಿ ಎಷ್ಟು ಮಂದಿ ಕಾಲೇಜು ಸೇರಿದ್ದಾರೆ, ಈಗ ಎಲ್ಲಿದ್ದಾರೆ ಎಂದು ಕೇಳಿದಾಗ ಅಲ್ಲಿದ್ದ ಯಾರಿಂದಲೂ ಉತ್ತರ ಬರಲಿಲ್ಲ. ಅವರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಊಟವೂ ಬೇಕಾದದ್ದೇ. ಆದರೆ ನಮ್ಮ ಉದ್ದೇಶ ಓದು.

ಈ ಮೂರರಲ್ಲಿ ಯಾವುದು ಸರಿ, ಸಂಸ್ಥೆಯೊಂದನ್ನು ನಂಬುವ ಮೊದಲು ಏನನ್ನು ನೋಡಬೇಕು, ತಂಗಿಯ ಪಾಲಿನ ಹಣವನ್ನು ಹೊರದೇಶದಿಂದ ತರಿಸಲು ತೊಡಕಿದೆಯೇ, ಇದನ್ನು ಬಲ್ಲವರು ತಿಳಿಸಿದರೆ ಉಪಕಾರವಾದೀತು.

ಉತ್ತರ: ಸಾಧನಕೇರಿ

ಮಕ್ಕಳ ರಕ್ಷಣೆಯ ಕೆಲಸದಲ್ಲಿ ಬಹುಕಾಲ ಇದ್ದವನಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ. ನೀವು ಮೊದಲು ಕೇಳಿಕೊಳ್ಳಬೇಕಾದದ್ದು ಹಣವನ್ನು ಯಾವ ವಯಸ್ಸಿನ ಮಗುವಿಗೆ ಕೊಡಬೇಕು ಎಂಬುದನ್ನು. ಎಲ್ಲಿಗೆ ಕೊಡಬೇಕೆಂಬುದು ಆಮೇಲಿನ ಮಾತು.

ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಹತ್ತನೆಯ ತರಗತಿಯವರೆಗೆ ಪಠ್ಯಪುಸ್ತಕ, ಸಮವಸ್ತ್ರ, ಬಿಸಿಯೂಟ, ಹಾಲು ಸಿಗುತ್ತವೆ. ಬಾಲಮಂದಿರದಲ್ಲಿರುವ ಮಗುವಿಗೆ ವಸತಿಯೂ ಊಟವೂ ಇರುತ್ತವೆ. ಆರನೆಯ ತರಗತಿಗೆ ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿವೆ. ಇಷ್ಟರಿಂದ ಎಲ್ಲವೂ ಸರಿಯಾಗಿದೆ ಎಂದಲ್ಲ. ಗಣಿತಕ್ಕೂ ಇಂಗ್ಲಿಷಿಗೂ ಸಂಜೆ ಕುಳಿತು ಹೇಳಿಕೊಡುವವರು ಬಹುತೇಕ ಎಲ್ಲ ಕಡೆ ಬೇಕಾಗಿದ್ದಾರೆ. ಆದರೂ ದಾನಿಗಳ ಕಣ್ಣು ಮೊದಲು ಬೀಳುವುದು ಈ ಸಣ್ಣ ಮಕ್ಕಳ ಮೇಲೆಯೇ. ಬಾಳೆಹಣ್ಣು, ಬಿಸ್ಕತ್ತು, ನೋಟ್‌ಬುಕ್ಕು, ಚೀಲ ಎಲ್ಲವೂ ಅವರಿಗೇ ಬರುತ್ತವೆ, ಅದೂ ಜೂನ್‌ನಲ್ಲಿ ಮತ್ತು ಆಗಸ್ಟ್ 15ರ ಆಸುಪಾಸಿನಲ್ಲಿ ಒಟ್ಟೊಟ್ಟಿಗೆ. ಹದಿನೇಳು ವರ್ಷದ ಹುಡುಗನಿಗೆ ಚೀಲ ಕೊಡಲು ಯಾರೂ ಬರುವುದಿಲ್ಲ.

ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015ರ ಪ್ರಕಾರ 18 ತುಂಬಿದವರು ಕಾನೂನಿನ ದೃಷ್ಟಿಯಲ್ಲಿ ಮಕ್ಕಳಲ್ಲ, ಆದ್ದರಿಂದ ಸಂಸ್ಥೆಯಿಂದ ಹೊರಬರಬೇಕಾಗುತ್ತದೆ. ಆಮೇಲೆ 21ರವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ, ಸಂಸ್ಥೆ ಬಿಟ್ಟವರಿಗೆ ನೆರವು ಮುಂದುವರಿಸುವ ಅನುಪಾಲನೆ ಎಂಬ ವ್ಯವಸ್ಥೆಗೆ ಅವಕಾಶವಿದೆಯಾದರೂ ಅದು ಎಲ್ಲರನ್ನೂ ತಲುಪುತ್ತದೆ ಎಂದು ಹೇಳಲಾರೆ. ಪಿಯುಸಿ ಮುಗಿಯುವುದು, ಡಿಪ್ಲೊಮಾದ ನಡುವರ್ಷ, ಐಟಿಐ ತರಬೇತಿ, ಪದವಿಯ ಮೊದಲ ವರ್ಷ ಎಲ್ಲವೂ ಬರುವುದು ಈ ಅವಧಿಯಲ್ಲಿಯೇ. ಚೆನ್ನಾಗಿ ಓದುತ್ತಿದ್ದ ಮಗು ಗ್ಯಾರೇಜಿಗೋ ಹೋಟೆಲಿಗೋ ಸೇರಿ ಓದು ಬಿಡುವುದು ಸಾಮಾನ್ಯವಾಗಿ ಇಲ್ಲಿಯೇ ಹೊರತು ಐದನೆಯ ತರಗತಿಯಲ್ಲಲ್ಲ. ನಿಮ್ಮ ಆರು ಲಕ್ಷ ಹೋಗಬೇಕಾದದ್ದು ಎಸ್‌ಎಸ್‌ಎಲ್‌ಸಿಯ ನಂತರದ ಐದಾರು ವರ್ಷಗಳಿಗೆ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಇನ್ನು ಸಂಸ್ಥೆಯ ಪರಿಶೀಲನೆ. ಅನಾಥ ಮಕ್ಕಳನ್ನು ಇರಿಸಿಕೊಳ್ಳುವ ಯಾವುದೇ ಪಾಲನಾ ಸಂಸ್ಥೆ, ಸರ್ಕಾರದ್ದಿರಲಿ ಖಾಸಗಿಯದಿರಲಿ, ಅದೇ ಕಾಯ್ದೆಯ 41ನೇ ಕಲಮಿನಡಿ ನೋಂದಣಿಯಾಗಿರಬೇಕು. ನೋಂದಣಿಯಿಲ್ಲದೆ ನಡೆಸಿದರೆ ಒಂದು ವರ್ಷದವರೆಗಿನ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ ಅಥವಾ ಎರಡೂ ಆಗಬಹುದು. ಪ್ರತಿ ಮಗುವೂ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇರೆಗೆ ಅಲ್ಲಿರಬೇಕು. ನೋಂದಣಿ ಪತ್ರವನ್ನು ಕೇಳಿ ನೋಡಿ. ಕೇಳಿದ್ದಕ್ಕೆ ಬೇಸರಪಟ್ಟುಕೊಂಡರೆ ಅಲ್ಲಿಂದ ಎದ್ದು ಬನ್ನಿ. ಲೆಕ್ಕಪರಿಶೋಧನಾ ವರದಿಯ ಜೊತೆಗೆ ನೀವು ಕೇಳಿದ ಆ ಪ್ರಶ್ನೆಯನ್ನೂ ಎಲ್ಲ ಕಡೆ ಕೇಳಿರಿ, ಅದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಇನ್ನೊಂದು ಮಾತು: ಮಕ್ಕಳ ಗುರುತು ಬಯಲಾಗುವಂತೆ ಫೋಟೊ, ಹೆಸರು ಪ್ರಕಟಿಸುವುದನ್ನು 74ನೇ ಕಲಮು ನಿಷೇಧಿಸುತ್ತದೆ. ದೇಣಿಗೆ ಕೊಟ್ಟ ದಿನವೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ವಾಟ್ಸ್ಆ್ಯಪಿಗೆ ಹಾಕುವ ಸಂಸ್ಥೆ ಕಾಯ್ದೆಯನ್ನು ಓದಿಲ್ಲ ಎಂದೇ ತಿಳಿಯಬೇಕು.

ನಿಮ್ಮ ತಂಗಿಯ ವಿಚಾರದಲ್ಲಿ ಹೇಳಬೇಕಾದದ್ದು ಹೆಚ್ಚಿದೆ. ಅನಾಥ ಮಕ್ಕಳೆಲ್ಲ ಆಶ್ರಮದಲ್ಲಿರುವುದಿಲ್ಲ. ನಿಮ್ಮ ತಂದೆಯವರಂತೆ ಅಜ್ಜಿಯ ಬಳಿ, ಚಿಕ್ಕಪ್ಪನ ಬಳಿ, ಸೋದರಮಾವನ ಬಳಿ ಬೆಳೆಯುವವರು ನಮ್ಮ ಹಳ್ಳಿಗಳಲ್ಲಿ ಬಹಳ. ಅಂಥ ಮಕ್ಕಳಿಗಾಗಿ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿಯ ಪ್ರಾಯೋಜಕತ್ವವಿದೆ. ತಂದೆಯನ್ನು ಕಳೆದುಕೊಂಡು ವಿಧವೆ ತಾಯಿಯ ಬಳಿ ಇರುವವರೂ ಇದರಲ್ಲಿ ಬರುತ್ತಾರೆ, ಅವರಿಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ ಹಳ್ಳಿಯಲ್ಲಿ 72,000, ಉಳಿದೆಡೆ 96,000. ಅದೇ ಯೋಜನೆಯಡಿ ವ್ಯಕ್ತಿಗಳು ಮತ್ತು ಸಂಸ್ಥೆಗಳು ಖಾಸಗಿ ಪ್ರಾಯೋಜಕರಾಗಲು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ ಅವಕಾಶವಿದೆ. ಒಂದು ಮಗುವನ್ನು ನೀವೇ ಹುಡುಕಿ ಆಯ್ದುಕೊಳ್ಳುವುದಕ್ಕಿಂತ ಈ ದಾರಿ ಒಳ್ಳೆಯದು. ಮನೆಗೆ ಹೋಗಿ ನೋಡಿದ ವರದಿ ಅವರಲ್ಲಿರುತ್ತದೆ. ಸರ್ಕಾರದ ಹಣ ಈಗಾಗಲೇ ಬರುತ್ತಿದೆಯೇ ಎಂಬುದೂ ತಿಳಿಯುತ್ತದೆ. ಎಷ್ಟೋ ಅಜ್ಜಿಯಂದಿರಿಗೆ ಇಂಥದೊಂದು ಯೋಜನೆ ಇದೆಯೆಂಬುದೇ ಗೊತ್ತಿರುವುದಿಲ್ಲ. ಅವರನ್ನು ಆ ಕಚೇರಿಯ ಬಾಗಿಲವರೆಗೆ ಕರೆದೊಯ್ಯುವುದು ಖರ್ಚಿಲ್ಲದ ದಾನ.

ಉತ್ತರ: ಹುಬ್ಬಳ್ಳಿಯ ಲೆಕ್ಕಿಗ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಲೆಕ್ಕದ ಭಾಗವನ್ನು ಮಾತ್ರ ಸೇರಿಸುತ್ತೇನೆ.

ನಿಮ್ಮ ಅಣ್ಣನವರ ದತ್ತಿಯ ಆಲೋಚನೆ ಧಾರವಾಡ ಸೀಮೆಗೆ ಬಹಳ ಹತ್ತಿರದ್ದು, ಇಲ್ಲಿ ದತ್ತಿ ಇಲ್ಲದ ಸಂಸ್ಥೆಯನ್ನು ಹುಡುಕುವುದೇ ಕಷ್ಟ. ಆದರೆ ಬಡ್ಡಿಯ ಮೇಲೆ ನಿಂತ ದತ್ತಿ ವರ್ಷ ಕಳೆದಂತೆ ಬಡವಾಗುತ್ತದೆ. ಶೇ 7ರ ಬಡ್ಡಿ ಎಂದು ಹಿಡಿದರೆ ಆರು ಲಕ್ಷಕ್ಕೆ ವರ್ಷಕ್ಕೆ 42,000 ಬರುತ್ತದೆ. ಇಂದು ಅದು ಒಂದು ಮಗುವಿಗೆ ಆಸರೆಯಾಗಬಹುದು. ಇಪ್ಪತ್ತು ವರ್ಷದ ಮೇಲೆ ಅದೇ 42,000 ಬಹುಮಾನ ವಿತರಣೆಯ ಲಕೋಟೆಗಳಿಗೆ ಸಾಲಬಹುದು, ಅಷ್ಟೆ. ಹಿಂದೆ ಹತ್ತು ಸಾವಿರ ಇಟ್ಟು ಹೋದವರ ದತ್ತಿಗಳು ಈಗ ವರ್ಷಕ್ಕೆ ಏಳುನೂರು ರೂಪಾಯಿ ಹುಟ್ಟಿಸುತ್ತಿರುವುದನ್ನು ಶಾಲೆಗಳ ಲೆಕ್ಕ ನೋಡುವವರೆಲ್ಲ ಬಲ್ಲರು. ತ್ಯಾಗವೀರ ಸಿರಸಂಗಿ ಲಿಂಗರಾಜರು 1906ರಲ್ಲಿ ತೀರಿಕೊಳ್ಳುವಾಗ ಬರೆದಿಟ್ಟುಹೋದ ಆಸ್ತಿಯಿಂದ ತಲೆಮಾರುಗಟ್ಟಲೆ ವಿದ್ಯಾರ್ಥಿಗಳು ಓದಿದರು ನಿಜ. ಈಗಿನ ಗದಗ ಜಿಲ್ಲೆಯ ಶಿಗ್ಲಿಯಲ್ಲಿ ಹುಟ್ಟಿ ಸಿರಸಂಗಿಗೆ ದತ್ತು ಹೋದವರು ಅವರು. ಆದರೆ ಅವರು ಬಿಟ್ಟದ್ದು ಒಂದು ಸಂಸ್ಥಾನದ ಜಮೀನು. ಬ್ಯಾಂಕಿನ ಠೇವಣಿಗೆ ಆ ಗುಣವಿಲ್ಲ.

ಆದ್ದರಿಂದ ಅಸಲನ್ನೂ ಸೇರಿಸಿ ಖರ್ಚು ಮಾಡುವ ಧೈರ್ಯ ಮಾಡಿರಿ. ಅದೇ ಬಡ್ಡಿದರದಲ್ಲಿ ಹತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು 85,000 ಸಿಗುತ್ತದೆ. ಸರ್ಕಾರ ಪ್ರಾಯೋಜಕತ್ವಕ್ಕೆ ಇಟ್ಟಿರುವ ತಿಂಗಳ 4,000ವನ್ನೇ ಅಳತೆಗೋಲಾಗಿ ಹಿಡಿದು ಇಬ್ಬರಿಗೆ ಕೊಟ್ಟರೆ ವರ್ಷಕ್ಕೆ 96,000 ಬೇಕು, ಆಗ ಹಣ ಎಂಟು ವರ್ಷ ದಾಟಿ ಬರುತ್ತದೆ. ಎಂಟು ವರ್ಷದಲ್ಲಿ ಇಬ್ಬಿಬ್ಬರಂತೆ ನಾಲ್ವರು ಡಿಪ್ಲೊಮಾವನ್ನೋ ಪದವಿಯನ್ನೋ ಮುಗಿಸಲು ಸಾಕಷ್ಟು ಕಾಲವಿದೆ.

ತೆರಿಗೆಯ ಮಾತು ಸಂಕ್ಷೇಪವಾಗಿ ಹೀಗೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮಿನ ಸಂಖ್ಯೆ ಬದಲಾದರೂ ಜನ 80ಜಿ ಎಂದೇ ಕರೆಯುವ, ದೇಣಿಗೆಗೆ ಸಿಗುವ ರಿಯಾಯಿತಿಯು ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಮಾತ್ರ ಇದೆ. ಅನುಮೋದನೆ ಪಡೆದ ಸಂಸ್ಥೆಗೆ ಕೊಟ್ಟ ಹಣದ ಅರ್ಧ ಭಾಗಕ್ಕೆ, ಅದೂ ಆದಾಯಕ್ಕೆ ತಕ್ಕ ಮಿತಿಯೊಳಗೆ, ಸಾಮಾನ್ಯವಾಗಿ ದೊರೆಯುತ್ತದೆ. 2,000 ರೂಪಾಯಿಗಿಂತ ಹೆಚ್ಚಿನ ನಗದಿಗೂ, ಅಕ್ಕಿ ಬೇಳೆ ಬಟ್ಟೆಯ ರೂಪದ ದಾನಕ್ಕೂ ಇಲ್ಲ. ಮಗುವಿಗೆ ಅಥವಾ ಅದರ ಅಜ್ಜಿಗೆ ನೇರವಾಗಿ ಕೊಟ್ಟ ಹಣಕ್ಕೂ ಇಲ್ಲ. ರಸೀದಿ ಮಾತ್ರ ಸಾಲದು, ಸಂಸ್ಥೆಯು ಇಲಾಖೆಗೆ ವಿವರ ಸಲ್ಲಿಸಿ ಕೊಡುವ ದೇಣಿಗೆಯ ಪ್ರಮಾಣಪತ್ರವೂ ಬೇಕು. ತೆರಿಗೆ ಉಳಿಸಲೆಂದೇ ಸಂಸ್ಥೆಯನ್ನು ಆರಿಸಬೇಡಿರಿ. ಉಳಿಯುವುದು ಅಲ್ಪ.

ತಂಗಿಯವರು ಇನ್ನೂ ಭಾರತದ ಪ್ರಜೆಯಾಗಿದ್ದು, ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದನ್ನು ವಿದೇಶಿ ದೇಣಿಗೆಯೆಂದು ಪರಿಗಣಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದಿದ್ದರೆ ಮಾತ್ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ, 2010 ಅನ್ವಯಿಸುತ್ತದೆ. ಆಗ ಆ ಕಾಯ್ದೆಯಡಿ ನೋಂದಣಿಯಾದ ಸಂಸ್ಥೆ ಮಾತ್ರ, ಅದೂ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಯ ಮೂಲಕವೇ, ಹಣ ಪಡೆಯಬಹುದು.

ಉತ್ತರ: ಬೆಟಗೇರಿ

ಊಟಕ್ಕೆ ಕೊಡುವವರ ಬಗ್ಗೆ ಸಾಧನಕೇರಿಯವರ ಉತ್ತರದಲ್ಲಿ ಸ್ವಲ್ಪ ಲಘುವಾದ ಧ್ವನಿ ಕೇಳಿಸಿತು. ಅದಕ್ಕೆ ನನ್ನ ಸಮ್ಮತಿಯಿಲ್ಲ.

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೋಡಿರಿ. ಪಂಚಾಕ್ಷರಿ ಗವಾಯಿಗಳು, ಅವರ ನಂತರ 2010ರವರೆಗೆ ಪುಟ್ಟರಾಜ ಗವಾಯಿಗಳು, ಅಂಧರನ್ನೂ ಅನಾಥರನ್ನೂ ಬಡವರನ್ನೂ ಜಾತಿ ಕೇಳದೆ ಇರಿಸಿಕೊಂಡು ಸಂಗೀತ ಕಲಿಸಿದರು. ಆ ಮಕ್ಕಳ ಓದು ನಡೆದದ್ದು ಯಾವ ಠೇವಣಿಯ ಬಡ್ಡಿಯಿಂದಲೂ ಅಲ್ಲ. ನಾಟಕ ಕಂಪನಿ ಕಟ್ಟಿ ಊರೂರು ತಿರುಗಿ ಗಳಿಸಿದ್ದು, ಭಕ್ತರು ಮಾಡಿದ ತುಲಾಭಾರಗಳು, ಸುಗ್ಗಿಯಲ್ಲಿ ರೈತರು ತಂದಿಳಿಸಿದ ಜೋಳದ ಚೀಲಗಳು ಇವುಗಳಿಂದ. ಧಾರವಾಡದ ಮುರುಘಾಮಠದ ಪ್ರಸಾದ ನಿಲಯವೂ ಹಾಗೆಯೇ. ಮೃತ್ಯುಂಜಯ ಅಪ್ಪಗಳ ಕಾಲದಲ್ಲಿ ಅಲ್ಲಿ ಉಂಡು ಓದಿದವರು ಮುಂದೆ ಈ ನಾಡಿನ ಶಾಲೆ ಕಾಲೇಜುಗಳನ್ನು ನಡೆಸಿದರು. ನಿಮ್ಮ ತಂದೆಯವರು ಓದಿದ್ದೂ ಅನ್ನದ ಬಲದಿಂದಲೇ ಎಂದು ನೀವೇ ಬರೆದಿದ್ದೀರಿ. ಹಸಿವಿನ ಚಿಂತೆ ನೀಗಿದ ಮೇಲಲ್ಲವೇ ಪುಸ್ತಕ?

ಕಾನೂನು, ನೋಂದಣಿ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಹಿರಿಯ ವಿದ್ಯಾರ್ಥಿಗಳಿಗೆ ಉಚಿತ ಊಟ ವಸತಿ ಕೊಡುವ ಮಠಗಳು ನಮ್ಮಲ್ಲಿ ಈಗಲೂ ಇವೆ, ಮತ್ತು ಸಾಧನಕೇರಿಯವರು ಚಿಂತಿಸುವ ಆ ಹದಿನೆಂಟರ ಹುಡುಗನನ್ನು ಕಾಗದಪತ್ರವಿಲ್ಲದೆ ಒಳಗೆ ಕರೆದುಕೊಳ್ಳುವುದು ಎಷ್ಟೋ ವೇಳೆ ಅವೇ. ಅಲ್ಲಿ ಒಂದು ವರ್ಷದ ಅಕ್ಕಿ ಜೋಳ ಕೊಟ್ಟರೂ ಅದು ಓದಿಗೆ ಕೊಟ್ಟಂತೆಯೇ.

ಉತ್ತರ: ಹಳೆಯ ವಿದ್ಯಾರ್ಥಿನಿ

ನಾನು ಗದಗ ಜಿಲ್ಲೆಯ ಮಕ್ಕಳ ಸಂಸ್ಥೆಯೊಂದರಲ್ಲಿ ಬೆಳೆದವಳು. ನರ್ಸಿಂಗ್ ಮುಗಿಸಿ ಈಗ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದೇನೆ. ಬೆಟಗೇರಿಯವರ ಮಾತು ಗಂಡುಮಕ್ಕಳ ಮಟ್ಟಿಗೆ ಬಹುಪಾಲು ಸರಿ. ಹೆಣ್ಣುಮಕ್ಕಳಿಗೆ ಅಂಥ ನಿಲಯಗಳು ಕಡಿಮೆ ಎಂಬುದನ್ನು ಅವರು ಹೇಳಲಿಲ್ಲ.

ಹೊರಗಿನವರಿಗೆ ತಿಳಿಯದ ಒಂದು ಸಂಗತಿ ಇದೆ. ನಮ್ಮಲ್ಲಿ ಹಲವರ ನಿಜವಾದ ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲದ ಕಾರಣ ಶಾಲೆಯ ದಾಖಲೆಯಲ್ಲಿ ಜೂನ್ 1 ಎಂದು ಬರೆದಿರುತ್ತಾರೆ. ಹಾಗಾಗಿ ಹದಿನೆಂಟು ತುಂಬುವುದೂ ಜೂನ್ 1ಕ್ಕೆ. ಕಾಲೇಜಿನ ಪ್ರವೇಶ ಶುಲ್ಕ, ಹಾಸ್ಟೆಲಿನ ಮುಂಗಡ, ಸಮವಸ್ತ್ರ, ಪುಸ್ತಕ ಎಲ್ಲಕ್ಕೂ ಹಣ ಹೊಂದಿಸಬೇಕಾದ ವಾರಗಳಲ್ಲಿಯೇ ಇದ್ದ ಮನೆಯನ್ನೂ ಬಿಡಬೇಕಾಗುತ್ತದೆ. ವಿದ್ಯಾರ್ಥಿವೇತನ ಬರುತ್ತದೆ, ಆದರೆ ಶುಲ್ಕ ಕಟ್ಟಿದ ಎಷ್ಟೋ ತಿಂಗಳ ಮೇಲೆ. ಅದಕ್ಕೆ ಅರ್ಜಿ ಹಾಕಲು ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಸಂಖ್ಯೆ ಬೇಕು. ತಂದೆಯ ಹೆಸರೇ ಗೊತ್ತಿಲ್ಲದವರು ತಂದೆಯ ಆದಾಯವನ್ನು ಏನೆಂದು ಬರೆಯಬೇಕು? ನನ್ನ ಅರ್ಜಿಗಾಗಿ ಸಂಸ್ಥೆಯ ಅಧೀಕ್ಷಕಿ ಕಚೇರಿಯಿಂದ ಕಚೇರಿಗೆ ಅಲೆಯದಿದ್ದರೆ ನಾನು ಆ ವರ್ಷ ಮನೆಯಲ್ಲೇ ಕುಳಿತಿರುತ್ತಿದ್ದೆ ಎಂದು ಬರೆಯಹೊರಟರೆ, ಕುಳಿತುಕೊಳ್ಳಲು ಮನೆಯೂ ಇರಲಿಲ್ಲ.

ರಜೆಯ ವಿಷಯವನ್ನು ಯಾವ ದಾನಿಯೂ ಕೇಳುವುದಿಲ್ಲ. ದಸರೆಗೆ, ಪರೀಕ್ಷೆ ಮುಗಿದ ಮೇಲೆ, ಹಾಸ್ಟೆಲಿನ ಅಡುಗೆಮನೆ ಮುಚ್ಚುತ್ತದೆ. ಉಳಿದವರು ಊರಿಗೆ ಹೊರಡುತ್ತಾರೆ. ನಾನು ಗೆಳತಿಯರ ಮನೆಗಳಲ್ಲಿ ಇದ್ದೆ. ಅವರು ಪ್ರೀತಿಯಿಂದಲೇ ಕರೆದರೂ ಪ್ರತಿ ಸಲ ಕರೆಯಲಿ ಎಂದು ಕಾಯುವುದು ಕಷ್ಟ. ಬಸ್ಸಿನ ಖರ್ಚು ಈಗ ಹುಡುಗಿಯರಿಗೆ ಶಕ್ತಿ ಯೋಜನೆಯಿಂದ ತಪ್ಪಿದೆ, ಹುಡುಗರಿಗೆ ಪಾಸಿನ ಹಣ ಬೇಕು. ಬ್ಯಾಂಕಿನ ಶೈಕ್ಷಣಿಕ ಸಾಲಕ್ಕೆ ಹೋದರೆ ಸಾಮಾನ್ಯವಾಗಿ ಮೊದಲು ಕೇಳುವುದು ಪಾಲಕರ ಸಹಿಯನ್ನು.

ನನ್ನ ಶುಲ್ಕವನ್ನು ಕಟ್ಟಿದವರು ಹುಬ್ಬಳ್ಳಿಯ ಒಂದು ವಯಸ್ಸಾದ ದಂಪತಿ. ಅವರು ಹಣವನ್ನು ನೇರವಾಗಿ ಕಾಲೇಜಿನ ಖಾತೆಗೆ ಕಟ್ಟಿ, ತಿಂಗಳಿಗೆ ಒಂದಿಷ್ಟನ್ನು ನನ್ನ ಖಾತೆಗೆ ಹಾಕುತ್ತಿದ್ದರು. ಆ ತಿಂಗಳ ಹಣಕ್ಕೆ ಎಂದೂ ಲೆಕ್ಕ ಕೇಳಲಿಲ್ಲ. ಯಾವ ವೇದಿಕೆಗೂ ನನ್ನನ್ನು ಹತ್ತಿಸಲಿಲ್ಲ. ಫಲಿತಾಂಶ ಬಂದಾಗ ನಾನಾಗಿಯೇ ಕಾಗದ ಬರೆಯುತ್ತಿದ್ದೆ. ನನ್ನ ಜೊತೆಯಲ್ಲಿ ಬೆಳೆದ ಇನ್ನೊಬ್ಬಳಿಗೆ ಬೇರೆಯವರು ನೆರವಾಗುತ್ತಿದ್ದರು. ಅವಳು ಮೊದಲ ವರ್ಷ ಒಂದು ವಿಷಯದಲ್ಲಿ ಅನುತ್ತೀರ್ಣಳಾದಾಗ ನಿಲ್ಲಿಸಿಬಿಟ್ಟರು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷಿನ ಮೊದಲ ವರ್ಷ ಹೇಗಿರುತ್ತದೆಂದು ಅವರಿಗೆ ತಿಳಿದಿರಲಿಲ್ಲವೇನೋ. ಮನೆಯಿದ್ದ ಮಕ್ಕಳು ಅನುತ್ತೀರ್ಣರಾದರೆ ತಂದೆ ಬೈಯುತ್ತಾರೆ, ಶುಲ್ಕವನ್ನೂ ಕಟ್ಟುತ್ತಾರೆ. ನೀವು ಯಾರಿಗೆ ಕೊಟ್ಟರೂ ಒಂದು ವರ್ಷ ಹಿಂದೆ ಬಿದ್ದರೆ ಬಿಡುವುದಿಲ್ಲವೆಂದು ಮೊದಲೇ ತೀರ್ಮಾನಿಸಿಕೊಳ್ಳಿರಿ.

ಪ್ರಶ್ನೆ ಕೇಳಿದವರು: ಬ್ಯಾಡಗಿಯ ಓದುಗ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಉತ್ತರಗಳನ್ನು ಅಣ್ಣನಿಗೂ ತಂಗಿಗೂ ಓದಿ ಹೇಳಿದೆ. ಐವತ್ತು ಸಾವಿರವನ್ನು ಅಪ್ಪ ಉಂಡ ಪ್ರಸಾದ ನಿಲಯಕ್ಕೆ ಧಾನ್ಯಕ್ಕಾಗಿ ಕೊಟ್ಟು, ಉಳಿದದ್ದನ್ನು ಎಸ್‌ಎಸ್‌ಎಲ್‌ಸಿ ಮುಗಿಸಿದ ಇಬ್ಬರು ಮಕ್ಕಳಿಗೆ, ಅವರಲ್ಲಿ ಒಬ್ಬಳಾದರೂ ಹುಡುಗಿಯಾಗಿರುವಂತೆ, ಅಸಲು ಸಮೇತ ಖರ್ಚು ಮಾಡುವುದೆಂದು ಮೂವರೂ ಒಪ್ಪಿದ್ದೇವೆ. ಶಾಲೆಯಲ್ಲಿ ಅಪ್ಪನ ಹೆಸರಿನ ಫಲಕ ಇರುವುದಿಲ್ಲವೆಂದು ಅಣ್ಣನಿಗೆ ಸ್ವಲ್ಪ ಬೇಸರವಿದೆ. ತಂಗಿಯದು ಭಾರತದ ಪಾಸ್‌ಪೋರ್ಟ್ ಆದ್ದರಿಂದ ಆ ತೊಡಕು ಇಲ್ಲ. ಉಳಿದಿರುವ ಪ್ರಶ್ನೆ ಒಂದೇ: ಹಾವೇರಿಯ ಮಕ್ಕಳ ರಕ್ಷಣಾ ಘಟಕಕ್ಕೆ ಯಾವಾಗ ಹೋಗಬೇಕು, ಮತ್ತು ಹದಿನೆಂಟು ತುಂಬಿದ ಮೇಲೆ ಅವರ ಮೂಲಕ ಕೊಡುವುದು ನಿಂತುಹೋದರೆ ಏನು ಮಾಡಬೇಕು?

ಉತ್ತರ: ಸಾಧನಕೇರಿ

ಮಾರ್ಚ್‌ನಲ್ಲಿಯೇ ಹೋಗಿರಿ. ಫಲಿತಾಂಶ ಬಂದ ಮೇಲೆ ಹೋದರೆ ಪ್ರವೇಶದ ಗಡಿಬಿಡಿಯಲ್ಲಿ ಕಚೇರಿಯವರಿಗೂ ಬಿಡುವಿರುವುದಿಲ್ಲ. ಆ ವರ್ಷ ಹತ್ತನೆಯ ಪರೀಕ್ಷೆ ಬರೆಯುವ, ಬಂಧುಗಳ ಬಳಿ ಇರುವ ಮತ್ತು ಸಂಸ್ಥೆಯಲ್ಲಿರುವ ಎರಡೂ ಬಗೆಯ ಮಕ್ಕಳ ಬಗ್ಗೆ ಕೇಳಿರಿ. ಹೆಸರುಗಳನ್ನು ಅವರು ತಕ್ಷಣ ಕೊಡಲಾರರು, ಕೊಡಬಾರದು ಕೂಡ. ಮಗುವಿನ ಮತ್ತು ಪಾಲಕರ ಒಪ್ಪಿಗೆ ಪಡೆದು ಸಮಿತಿಯ ಮುಂದಿಟ್ಟ ಮೇಲೆ ನಿಮಗೆ ತಿಳಿಸುತ್ತಾರೆ.

ಘಟಕದ ಪಾತ್ರ ಹದಿನೆಂಟಕ್ಕೆ ಮುಗಿದರೂ ನಿಮ್ಮ ನೆರವು ಮುಗಿಯಬೇಕಾಗಿಲ್ಲ. ಆಗ ವಿದ್ಯಾರ್ಥಿಯೇ ವಯಸ್ಕ, ಖಾತೆ ಅವರದೇ ಹೆಸರಿನಲ್ಲಿರುತ್ತದೆ, ಶುಲ್ಕವನ್ನು ಕಾಲೇಜಿಗೆ ನೇರವಾಗಿ ಕಟ್ಟಬಹುದು. ಇಬ್ಬರನ್ನೂ ಒಂದೇ ವರ್ಷ ಆರಂಭಿಸದೆ ಒಂದು ವರ್ಷದ ಅಂತರ ಇಡಿರಿ, ದೊಡ್ಡ ಖರ್ಚುಗಳು ಒಟ್ಟಿಗೆ ಬೀಳುವುದಿಲ್ಲ. ಒಂದು ವರ್ಷದ ಮೊತ್ತವನ್ನು ಬೇರೆ ಠೇವಣಿಯಲ್ಲಿ ಮುಟ್ಟದೆ ಇಟ್ಟುಕೊಳ್ಳಿರಿ, ಹಳೆಯ ವಿದ್ಯಾರ್ಥಿನಿಯವರು ಹೇಳಿದ ಹಿಂದೆ ಬಿದ್ದ ವರ್ಷಕ್ಕೂ ರಜೆಯ ವಸತಿಗೂ ಅದು ಒದಗುತ್ತದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅರ್ಜಿಯನ್ನು ಏಪ್ರಿಲ್‌ನಲ್ಲಿಯೇ ಹಾಕಿಸಿರಿ, ಅದಕ್ಕೆ ಸಮಿತಿಯ ಆದೇಶದ ಪ್ರತಿಯನ್ನು ಲಗತ್ತಿಸುವುದನ್ನು ಮರೆಯಬೇಡಿರಿ.